ಹದಿನಾರರ ಕಪ್ಪು, ಹದಿನೇಳರ ಕಪ್ಪು

ಮನೆಯಲ್ಲಿರುವ ಯಾವುದಾದರೂ ಹಳೆಯ ಕನ್ನಡ ಕಾದಂಬರಿ ತೆಗೆದು 16 ಮತ್ತು 17ನೇ ಪುಟಗಳನ್ನು ಎದುರುಬದುರು ಬಿಚ್ಚಿ ನೋಡಿ. ಅಲ್ಲಿ ಕಾಣದಿದ್ದರೆ 32–33, ಅಲ್ಲೂ ಇಲ್ಲದಿದ್ದರೆ 48–49. ಎಲ್ಲೋ ಒಂದು ಕಡೆ ಎಡಪುಟದ ಅಕ್ಷರ ಬೂದಿಬಣ್ಣಕ್ಕೆ ತಿರುಗಿರುತ್ತದೆ, ಬಲಪುಟದ್ದು ಕಾಡಿಗೆಗಪ್ಪು. ಅದೇ ಕತೆ, ಅದೇ ಫಾಂಟು, ಅದೇ ಕಾಗದ. ಕಪ್ಪು ಮಾತ್ರ ಬೇರೆ. ಒಂದು ಸಲ ಕಣ್ಣಿಗೆ ಬಿತ್ತೆಂದರೆ ಮುಗಿಯಿತು, ಆಮೇಲೆ ಯಾವ ಪುಸ್ತಕ ಹಿಡಿದರೂ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಓದುಗರು ‘ಪ್ರಿಂಟಿಂಗ್ ಸರಿಯಿಲ್ಲ’ ಎಂದು ಸುಮ್ಮನಾಗುತ್ತಾರೆ. ಪ್ರಕಾಶಕರು ಇಂಕನ್ನು ಬೈಯುತ್ತಾರೆ, ಪ್ರೆಸ್ಸಿನವರು ಕಾಗದವನ್ನು ಬೈಯುತ್ತಾರೆ. ಇಂಕಿನ ತಪ್ಪು ಇದರಲ್ಲಿ ಇದ್ದರೂ ಬಹಳ ಕಡಿಮೆ. ಆಫ್‌ಸೆಟ್ ಯಂತ್ರದಲ್ಲಿ ಕಪ್ಪು ಎಷ್ಟು ಕಪ್ಪಾಗಬೇಕೆಂದು ಕಡೆಗೆ ತೀರ್ಮಾನಿಸುವುದು ನೀರು. ಆ ನೀರನ್ನು ಯಾರೂ ಅಳೆಯುವುದಿಲ್ಲ. ಅದರಲ್ಲೂ ಒಂದೇ ಬಣ್ಣದ ಪುಸ್ತಕದ ಕೆಲಸದಲ್ಲಿ ಅಳೆಯಬೇಕೆಂಬ ಯೋಚನೆಯೇ ಬರುವುದಿಲ್ಲ.

ವ್ಯತ್ಯಾಸ ಆ ಪುಟಗಳಲ್ಲೇ ಯಾಕೆ ಕಾಣುತ್ತದೆ ಎನ್ನುವುದಕ್ಕೆ ಫಾರಂ ಕಟ್ಟುವ ರೀತಿ ನೋಡಬೇಕು. ಡೆಮಿ 1/8 ಪುಸ್ತಕವೆಂದರೆ 18×23 ಇಂಚಿನ ಹಾಳೆಯ ಒಂದೊಂದು ಬದಿಗೂ ಎಂಟು ಪುಟ. ಮೂರು ಮಡಿಕೆ ಹಾಕಿದರೆ ಹದಿನಾರು ಪುಟದ ಒಂದು ಫಾರಂ. ಒಂದು ಬದಿಯ ಪ್ಲೇಟಿನಲ್ಲಿ, ಅಂದರೆ ಅಚ್ಚಿನ ತಗಡಿನಲ್ಲಿ, 1, 4, 5, 8, 9, 12, 13, 16 ಕೂರುತ್ತವೆ; ಇನ್ನೊಂದು ಬದಿಯದರಲ್ಲಿ 2, 3, 6, 7, 10, 11, 14, 15. ಈ ಸಂಖ್ಯೆಗಳನ್ನು ಸ್ವಲ್ಪ ಗಮನಿಸಿದರೆ ಒಂದು ವಿಷಯ ಹೊಳೆಯುತ್ತದೆ. ಒಂದು ಫಾರಂನ ಒಳಗೆ ಎದುರುಬದುರು ಬರುವ ಪುಟಗಳೆಲ್ಲ, 2–3 ಆಗಲಿ 4–5 ಆಗಲಿ 8–9 ಆಗಲಿ, ಯಾವಾಗಲೂ ಹಾಳೆಯ ಒಂದೇ ಬದಿಯವು. ಒಂದೇ ಪ್ಲೇಟು, ಒಂದೇ ಹೊಡೆತ. ಹಾಗಾಗಿ ಆ ಬದಿ ತಿಳಿಯಾಗಿ ಬಂದಿದ್ದರೆ ಎರಡೂ ಪುಟ ತಿಳಿ, ಗಾಢವಾಗಿದ್ದರೆ ಎರಡೂ ಗಾಢ. ಪುಟ ಮಗುಚಿದಾಗ ಬಣ್ಣ ಬದಲಾಗಬಹುದು, ಆದರೆ ಹಿಂದಿನ ಪುಟದ ಕಪ್ಪನ್ನು ಕಣ್ಣು ನೆನಪಿಟ್ಟುಕೊಳ್ಳುವುದಿಲ್ಲ. ಎದುರುಬದುರಿನ ಎರಡು ಪುಟಗಳು ಬೇರೆ ಬೇರೆ ಪ್ಲೇಟಿನಿಂದ ಬರುವುದು ಒಂದು ಫಾರಂ ಮುಗಿದು ಇನ್ನೊಂದು ಶುರುವಾಗುವಲ್ಲಿ ಮಾತ್ರ. 16 ಒಂದು ಫಾರಂನ ಕೊನೆ, 17 ಮುಂದಿನದರ ಮೊದಲು. ಎರಡರ ನಡುವೆ ಒಂದು ಗಂಟೆ ಕಳೆದಿರಬಹುದು, ಒಂದು ರಾತ್ರಿ ಕಳೆದಿರಬಹುದು, ಮಷೀನ್‌ಮನ್‌ನೇ ಬದಲಾಗಿರಬಹುದು.

ಮುನ್ನುಡಿ, ಅರ್ಪಣೆ, ಪರಿವಿಡಿ ಸೇರಿ ಪುಟದ ಲೆಕ್ಕ ಜಾರಿದ್ದರೆ ಗಡಿ ಬೇರೆ ಕಡೆ ಇರುತ್ತದೆ. ಹೊಲಿದ ಪುಸ್ತಕವಾದರೆ ಅದನ್ನು ಹುಡುಕುವುದು ಸುಲಭ. ಫಾರಂನ ನಡುಮಧ್ಯದಲ್ಲಿ ದಾರ ಕಾಣುತ್ತದೆ. ಅಲ್ಲಿಂದ ನಾಲ್ಕು ಎಲೆ ಮುಂದೆ ಹೋದರೆ ಗಡಿ.

ಇದಕ್ಕೊಂದು ಅಪವಾದವೂ ಇದೆ. 2–3 ಮತ್ತು 6–7 ಒಂದೇ ಪ್ಲೇಟಿನವಾದರೂ ಹಾಳೆ ಹರಡಿದಾಗ ಅಕ್ಕಪಕ್ಕ ಇರುವುದಿಲ್ಲ. ನಾಲ್ಕು ಕಾಲಮ್ಮಿನಲ್ಲಿ 2 ಮತ್ತು 7 ಒಂದು ತುದಿಗೆ, 3 ಮತ್ತು 6 ಇನ್ನೊಂದು ತುದಿಗೆ. ಇಂಕು ತುಂಬಿಡುವ ಡಕ್ಟಿನಲ್ಲಿ ಸುಮಾರು ಮೂರು ಸೆಂಟಿಮೀಟರಿಗೆ ಒಂದರಂತೆ, ಇಂಕು ಹೆಚ್ಚುಕಡಿಮೆ ಮಾಡುವ ಕೀಲಿಗಳು ಸಾಲಾಗಿರುತ್ತವೆ. ಎಡತುದಿಯ ಕೀಲಿ ಬಿಗಿಯಾಗಿದ್ದು ಬಲತುದಿಯದು ಸಡಿಲವಾಗಿದ್ದರೆ 2ನೇ ಪುಟಕ್ಕೂ 3ಕ್ಕೂ ಹೊಂದಾಣಿಕೆ ತಪ್ಪುತ್ತದೆ. ಇದಂತೂ ಇಂಕಿನದೇ ದೋಷ. ಕೀಲಿ ತಿರುಗಿಸಿ ಸರಿಮಾಡಬಹುದು, ಕೆಲವೇ ನಿಮಿಷದ ಕೆಲಸ. ಗಡಿಯ ದೋಷ ಅಷ್ಟು ಸುಲಭದ್ದಲ್ಲ.

ಎತ್ತರವೂ ಇಲ್ಲ, ತಗ್ಗೂ ಇಲ್ಲ

ಮೊಳೆ ಅಚ್ಚಿನಲ್ಲಿ ಅಕ್ಷರ ಎತ್ತರದಲ್ಲಿರುತ್ತಿತ್ತು, ಸುತ್ತಲಿನ ಜಾಗ ತಗ್ಗಿನಲ್ಲಿ. ಮಸಿ ರೋಲರು ಎತ್ತರವನ್ನಷ್ಟೇ ಮುಟ್ಟುತ್ತಿತ್ತು. ಆಫ್‌ಸೆಟ್ ಪ್ಲೇಟಿನ ಮೇಲೆ ಬೆರಳಾಡಿಸಿದರೆ ಅಕ್ಷರ ಎಲ್ಲಿ, ಖಾಲಿ ಎಲ್ಲಿ ಎಂದು ಗೊತ್ತಾಗುವುದಿಲ್ಲ. 0.15 ಇಲ್ಲವೆ 0.30 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. ಅದರ ಮೈಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಒರಟು ಮಾಡಿ, ಆನೊಡೈಸ್ ಮಾಡಿ (ವಿದ್ಯುತ್ತಿನಿಂದ ಗಟ್ಟಿ ಪದರ ಬರಿಸಿ), ಮೇಲೆ ಬೆಳಕಿಗೆ ಸ್ಪಂದಿಸುವ ಲೇಪ ಕೊಟ್ಟಿರುತ್ತಾರೆ. ಡೆವಲಪ್ ಮಾಡಿದ ಮೇಲೆ ಅಕ್ಷರವಿದ್ದಲ್ಲಿ ಲೇಪ ಉಳಿಯುತ್ತದೆ, ಉಳಿದೆಡೆ ಬರಿಯ ಅಲ್ಯೂಮಿನಿಯಂ. ಲೇಪ ಎಣ್ಣೆಯ ಕಡೆ, ಲೋಹ ನೀರಿನ ಕಡೆ. ಯಂತ್ರ ಒಂದೊಂದು ಸುತ್ತು ತಿರುಗಿದಾಗಲೂ ಮೊದಲು ನೀರಿನ ರೋಲರು ಪ್ಲೇಟಿನ ಮೇಲೆ ಹಾಯುತ್ತದೆ, ಆಮೇಲೆ ಇಂಕಿನ ರೋಲರು. ನೀರು ಹಿಡಿದ ಜಾಗ ಇಂಕನ್ನು ದೂರ ಇಡುತ್ತದೆ, ನೀರು ನಿಲ್ಲದ ಜಾಗ ಇಂಕು ಹಿಡಿಯುತ್ತದೆ. ಅಕ್ಷರಕ್ಕೂ ಬಿಳಿ ಜಾಗಕ್ಕೂ ನಡುವೆ ಇರುವ ಬೇಲಿ ಇಷ್ಟೇ: ಒಂದು ತೆಳು ನೀರಿನ ಪದರ. ಆ ಬೇಲಿಯನ್ನು ಸೆಕೆಂಡಿಗೊಂದು ಸಲ, ಎರಡು ಸಲ ಹೊಸದಾಗಿ ಕಟ್ಟುತ್ತಲೇ ಇರಬೇಕು.

1796ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಸುಣ್ಣಕಲ್ಲಿನ ಮೇಲೆ ಕಂಡುಕೊಂಡ ತತ್ವವೇ ಇದು. ಕನ್ನಡದ ಮೊದಲ ಪತ್ರಿಕೆ ಎನಿಸಿಕೊಂಡ ‘ಮಂಗಳೂರ ಸಮಾಚಾರ’ 1843ರಲ್ಲಿ ಮಂಗಳೂರಿನಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ಅಂದರೆ ನಮ್ಮ ಪತ್ರಿಕೋದ್ಯಮ ಹುಟ್ಟಿದ್ದೇ ನೀರು-ಎಣ್ಣೆಯ ಜಗಳದಿಂದ. ಕಲ್ಲಚ್ಚಿನಲ್ಲಿ ಕಲ್ಲೇ ಕಾಗದವನ್ನು ಮುಟ್ಟುತ್ತಿದ್ದರಿಂದ ಅದರ ಮೇಲೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕೂರಬೇಕಿತ್ತು. 1904ರ ಸುಮಾರಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಐರಾ ರೂಬೆಲ್ ಎಂಬ ಮುದ್ರಕನ ಯಂತ್ರದಲ್ಲಿ ಕಾಗದ ಕೊಡುವುದು ತಪ್ಪಿದಾಗ ಚಿತ್ರ ರಬ್ಬರು ಹೊದೆಸಿದ ಸಿಲಿಂಡರಿನ ಮೇಲೆ ಬಿತ್ತು. ಮುಂದಿನ ಹಾಳೆಯ ಬೆನ್ನಿಗೆ ಆ ರಬ್ಬರಿನಿಂದ ಹತ್ತಿದ ಅಚ್ಚು ನೇರ ಅಚ್ಚಿಗಿಂತ ಸ್ಪಷ್ಟವಾಗಿತ್ತು. ಈಗಿನ ಬ್ಲಾಂಕೆಟ್ ಅಲ್ಲಿಂದ ಬಂದದ್ದು. ಪ್ಲೇಟಿನಲ್ಲಿ ಅಕ್ಷರ ನೇರ, ಬ್ಲಾಂಕೆಟ್ಟಿನಲ್ಲಿ ತಿರುವು, ಕಾಗದದಲ್ಲಿ ಮತ್ತೆ ನೇರ. ಪ್ಲೇಟು ನೋಡಿಯೇ ಪ್ರೂಫ್ ಓದಬಹುದಾದ ಅನುಕೂಲ ಇದರಿಂದ ಸಿಕ್ಕಿತು. ಎಷ್ಟೋ ಕಾಗುಣಿತದ ತಪ್ಪುಗಳು ಕಡೆಗೆ ಸಿಕ್ಕಿಬೀಳುವುದು ಪ್ಲೇಟಿನ ಮೇಲೆಯೇ.

ಬಾಟಲಿಯ ನೀರನ್ನು ಹಾಗೇ ಸುರಿದರೆ ಆಗುವುದಿಲ್ಲ. ಯಂತ್ರದ ಈ ನೀರಿಗೆ ಫೌಂಟೇನ್ ದ್ರಾವಣ ಎಂದು ಹೆಸರು. ಅದಕ್ಕೆ ಗಮ್ ಅರೇಬಿಕ್ ಎಂಬ ಮರದ ಅಂಟು, ಸ್ವಲ್ಪ ಆಮ್ಲ, ಹೊಸ ಯಂತ್ರವಾದರೆ ಶೇಕಡಾ 5ರಿಂದ 10ರಷ್ಟು ಐಸೋಪ್ರೊಪೈಲ್ ಆಲ್ಕೋಹಾಲ್. ಆಮ್ಲತೆಯ ಅಳತೆಯಾದ ಪಿಎಚ್ 4.8ರಿಂದ 5.5ರ ಒಳಗೆ ಇದ್ದರೆ ಕ್ಷೇಮ. 4.5ಕ್ಕಿಂತ ಕೆಳಗೆ ಹೋದರೆ ಇಂಕು ಒಣಗುವುದು ನಿಧಾನವಾಗುತ್ತದೆ, ಪುಸ್ತಕ ಓದುವವರ ಬೆರಳು ಕಪ್ಪಾಗುತ್ತದೆ. ಬೆಂಗಳೂರಿನ ಸಣ್ಣ ಪ್ರೆಸ್ಸುಗಳ ದೊಡ್ಡ ಪೀಡೆ ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಇಂಕಿನೊಳಗಿನ ಕೊಬ್ಬಿನಾಮ್ಲಗಳ ಜತೆ ಸೇರಿ ರೋಲರಿನ ಮೇಲೆ ಸಾಬೂನಿನಂಥ ಪದರ ಕಟ್ಟುತ್ತದೆ. ರಬ್ಬರು ನುಣುಪಾಗಿ ಹೊಳೆಯತೊಡಗುತ್ತದೆ. ನೋಡಲು ಚೆಂದ, ಆದರೆ ಅದು ಇಂಕು ಹಿಡಿಯುವುದನ್ನು ನಿಲ್ಲಿಸಿದೆ ಎಂದರ್ಥ. ಅಲ್ಲಲ್ಲಿ ರೋಲರು ಬೆತ್ತಲಾಗುತ್ತದೆ, ಅಷ್ಟಗಲ ಪಟ್ಟಿಯಲ್ಲಿ ಅಕ್ಷರ ತಿಳಿಯಾಗುತ್ತದೆ. ಆರ್‌ಒ ನೀರು ಬಳಸಿದರೆ ಆಯಿತು ಎನ್ನುವವರಿದ್ದಾರೆ. ತೀರಾ ಮೃದು ನೀರೂ ಒಳ್ಳೆಯದಲ್ಲ, ಕಾಗದದ ಸುಣ್ಣವನ್ನು ಅದು ಬೇಗ ಎಳೆದುಕೊಳ್ಳುತ್ತದೆ. ಆರ್‌ಒ ನೀರಿಗೆ ಅದಕ್ಕೆಂದೇ ತಯಾರಾದ ಫೌಂಟೇನ್ ಕೆಮಿಕಲ್ ಬೇರೆಯೇ ಸಿಗುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಓದುವವರು ಕಡಿಮೆ.

ಪ್ಲೇಟು ಏರಿದ ಮೇಲಿನ ಕಾಲು ಗಂಟೆ

ಚಾಮರಾಜಪೇಟೆಯಲ್ಲೋ ಕಾಟನ್‌ಪೇಟೆಯಲ್ಲೋ ಒಂದು ಹಳೆಯ ಪ್ರೆಸ್ಸನ್ನು ಕಣ್ಣ ಮುಂದೆ ತಂದುಕೊಳ್ಳಿ. 19×26 ಇಂಚಿನ ಡಾಮಿನೆಂಟ್ ಯಂತ್ರ, ಚೆಕ್ ದೇಶದ್ದು, ಒಡೆಯನಿಗಿಂತ ಮೊದಲು ಹುಟ್ಟಿದ್ದು. 160 ಪುಟದ ಕಥಾಸಂಕಲನ, ಸಾವಿರ ಪ್ರತಿ, 70 ಜಿಎಸ್‌ಎಂನ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಕಾಗದ. ಆರನೇ ಫಾರಂನ ಮೊದಲ ಬದಿ ಏರುತ್ತಿದೆ.

ಮಷೀನ್‌ಮನ್ ಹಳೆಯ ಪ್ಲೇಟು ಬಿಚ್ಚಿ, ಗಮ್ ಸವರಿ, ಗೋಡೆಗೆ ಒರಗಿಸುತ್ತಾನೆ. ಹೊಸದರ ಮುಂಚೂಣಿಯನ್ನು ಕ್ಲ್ಯಾಂಪಿಗೆ ಸಿಕ್ಕಿಸಿ, ಸಿಲಿಂಡರನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ, ಹಿಂದಿನ ಅಂಚನ್ನು ಬಿಗಿಯುತ್ತಾನೆ. ಒಂದೇ ಕಡೆ ಜಾಸ್ತಿ ಬಿಗಿದರೆ ಪ್ಲೇಟು ಸೊಟ್ಟಗೆ ಕೂರುತ್ತದೆ, ಪುಟದ ಸಾಲುಗಳು ಓರೆಯಾಗುತ್ತವೆ. ಬ್ಲಾಂಕೆಟ್ಟಿಗೆ ಸಾಲ್ವೆಂಟಿನ ಒರೆಸು. ಸ್ಪಂಜಿನಿಂದ ಪ್ಲೇಟಿನ ಗಮ್ ತೊಳೆಯುತ್ತಾನೆ. ಯಂತ್ರ ಶುರುವಾಗುತ್ತದೆ: ಮೊದಲು ನೀರಿನ ರೋಲರು ಇಳಿಸಬೇಕು, ಎಂಟ್ಹತ್ತು ಸುತ್ತು ಆದಮೇಲೆ ಇಂಕಿನದು. ಕ್ರಮ ತಪ್ಪಿ ಇಂಕು ಮೊದಲು ಇಳಿದರೆ ಇಡೀ ಪ್ಲೇಟು ಕಪ್ಪು.

ಹಿಂದಿನ ಕೆಲಸದ ಹಾಳಾದ ಹಾಳೆ ಮೂವತ್ತು-ನಲವತ್ತು ಮೊದಲು ಹೋಗುತ್ತವೆ. ಹೆಲ್ಪರ್ ಹಾಳೆ ಹೊರಬೀಳುವ ಡೆಲಿವರಿಯಿಂದ ಒಂದು ಎಳೆದು ಕೊಡುತ್ತಾನೆ. ಮಷೀನ್‌ಮನ್ ನೋಡುವುದು ಯಂತ್ರ ಹಾಳೆಯನ್ನು ಕಚ್ಚಿ ಹಿಡಿಯುವ ಗ್ರಿಪ್ಪರ್ ಕಡೆಯ ಅಂಚು, ಹಾಳೆಯನ್ನು ಪಕ್ಕದಿಂದ ನೇರ ಮಾಡುವ ಸೈಡ್ ಲೇ, ಪುಟದಂಕಿಗಳ ನೇರ. ಹಾಳೆ ಮಡಿಸಿ ಬೆಳಕಿಗೆ ಹಿಡಿದು ಸಾಲಿನ ಮೇಲೆ ಸಾಲು ಕೂತಿದೆಯೇ ಎಂದು ನೋಡುತ್ತಾನೆ. ಎರಡನೇ ಬದಿ ಹೊಡೆಯುವಾಗ ಈ ಕೆಲಸ ಇನ್ನೂ ಮುಖ್ಯ. 70 ಜಿಎಸ್‌ಎಂ ಕಾಗದದಲ್ಲಿ ಹಿಂಬದಿಯ ಸಾಲು ಮುಂಬದಿಯ ಎರಡು ಸಾಲಿನ ನಡುವೆ ಬಿದ್ದರೆ ಬಿಳಿ ಜಾಗವೆಲ್ಲ ಮಬ್ಬಾಗಿ ಕಾಣುತ್ತದೆ. ಸಾಲಿನ ಬೆನ್ನಿಗೇ ಸಾಲು ಬಿದ್ದರೆ ಅದೇ ಕಾಗದ ದಪ್ಪವಾಗಿದೆ ಎನ್ನಿಸುತ್ತದೆ.

“ಅಣ್ಣಾ, ತಿಳಿ ಬರ್ತಾ ಇದೆ.”

“ಇಂಕ್ ಮುಟ್ಟಬೇಡ. ನೀರು ಇಳಿಸು.”

ಈ ಎರಡು ಮಾತಿನಲ್ಲಿ ಕೆಲಸದ ಮುಕ್ಕಾಲು ಪಾಲು ಅಡಗಿದೆ. ಅಕ್ಷರ ತಿಳಿಯಾದಾಗ ಹೊಸಬರ ಕೈ ಇಂಕಿನ ಕೀಲಿಗೆ ಹೋಗುತ್ತದೆ. ಆದರೆ ತಿಳಿಯಾಗಲು ಕಾರಣ ಇಂಕಿನ ಕೊರತೆ ಆಗಿರುವುದಕ್ಕಿಂತ ನೀರಿನ ಅತಿ ಆಗಿರುವುದೇ ಹೆಚ್ಚು. ಆಫ್‌ಸೆಟ್ ಇಂಕು ಒಂದಿಷ್ಟು ನೀರನ್ನು ತನ್ನೊಳಗೆ ಕುಡಿದೇ ಕೆಲಸ ಮಾಡುತ್ತದೆ. ಅಷ್ಟು ನೀರು ಬೇಕೂ ಬೇಕು. ಅದರ ಮೇಲೆ ಕುಡಿದರೆ ಮೊಸರಾಗಿ ಒಡೆದು ರೋಲರಿನಿಂದ ರೋಲರಿಗೆ ಹರಿಯುವ ಗುಣ ಕಳೆದುಕೊಳ್ಳುತ್ತದೆ, ಬಣ್ಣ ಬೂದಾಗುತ್ತದೆ. ಆಗ ಇಂಕು ಹೆಚ್ಚಿಸಿದರೆ ಒಂದೈವತ್ತು ಹಾಳೆ ಕಪ್ಪಾಗಿ ಬರುತ್ತವೆ, ಖಾಲಿ ಜಾಗದಲ್ಲಿ ಟಿಂಟ್, ಅಂದರೆ ತೆಳು ಮಸಿಯ ಕೊಳೆ, ಕಾಣಿಸುತ್ತದೆ. ಟಿಂಟ್ ಹೋಗಲೆಂದು ನೀರು ಹೆಚ್ಚಿಸುತ್ತಾರೆ. ನೀರು ಹೆಚ್ಚಾದಾಗ ಮತ್ತೆ ತಿಳಿ. ಮತ್ತೆ ಇಂಕು. ಒಂದು ಗಂಟೆಯಲ್ಲಿ ರೋಲರಿನ ಮೇಲೆ ಇಂಕೂ ಅಲ್ಲದ ನೀರೂ ಅಲ್ಲದ ಒಂದು ಕೆಸರು ಕೂತಿರುತ್ತದೆ, ತೊಳೆದು ಮೊದಲಿನಿಂದ ಶುರುಮಾಡದೆ ಬೇರೆ ದಾರಿಯಿಲ್ಲ. ಬಲ್ಲವರು ಮಾಡುವುದು ಇದಕ್ಕೆ ತಿರುಗಾಮುರುಗಾ. ಟಿಂಟ್ ಹತ್ತುವವರೆಗೂ ನೀರು ಇಳಿಸುತ್ತಾ ಹೋಗಿ, ಹಾಳೆಯ ಅಂಚಿನಲ್ಲಿ ಕೊಳೆ ಹಿಡಿದ ಕೂಡಲೇ ಒಂದು ಗೆರೆ ಮೇಲೆ ನಿಲ್ಲಿಸುತ್ತಾರೆ. ಪ್ಲೇಟು ತಡೆದುಕೊಳ್ಳುವ ಅತಿ ಕಡಿಮೆ ನೀರು ಅದು. ಇಂಕು ಹೊಂದಿಸುವುದು ಆಮೇಲೆ.

ಅಷ್ಟು ನೀರಿದೆ ಎಂದು ತಿಳಿಯುವುದು ಮೀಟರಿನಿಂದಲ್ಲ. ಸಿಲಿಂಡರಿನ ಪಕ್ಕ ಬಗ್ಗಿ, ಟ್ಯೂಬ್‌ಲೈಟಿನ ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗುವ ಪ್ಲೇಟನ್ನು ನೋಡುತ್ತಾರೆ. ಮೈಮೇಲೆ ಇರಬೇಕಾದದ್ದು ಆಗಷ್ಟೇ ಒರೆಸಿದ ಕಡಪಕಲ್ಲಿನ ನೆಲದ ಮಂದ ಹೊಳಪು. ಕನ್ನಡಿಯಂತೆ ಮಿಂಚಿದರೆ ನೀರು ಜಾಸ್ತಿ, ಹೊಳಪೇ ಇಲ್ಲದಿದ್ದರೆ ಇನ್ನು ಇಪ್ಪತ್ತು ಹಾಳೆಯಲ್ಲಿ ಟಿಂಟ್ ಬರುವುದು ಖಂಡಿತ. ಹಳೆಯ ಯಂತ್ರಗಳಲ್ಲಿ ನೀರಿನ ರೋಲರಿಗೆ ಬಟ್ಟೆಯ ಕವಚ. ಬಟ್ಟೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಈಗ ತಿರುಗಿಸಿದ ನೀರಿನ ತಿರುಪಿನ ಫಲ ಕಾಣುವುದು ಮೂವತ್ತು-ಐವತ್ತು ಹಾಳೆ ಆದಮೇಲೆ. ಅಷ್ಟು ಹೊತ್ತು ಕೈಕಟ್ಟಿ ನಿಲ್ಲಬೇಕು. ಫಲ ಕಾಣಲಿಲ್ಲವೆಂದು ಇನ್ನೊಮ್ಮೆ ತಿರುಗಿಸಿದವರು ಎರಡು ಪಟ್ಟು ಅನುಭವಿಸುತ್ತಾರೆ.

ಎಲ್ಲ ಸರಿಹೋಗಿ ಓಡುತ್ತಿರುವಾಗ ಕರೆಂಟು ಹೋಗುತ್ತದೆ ಎಂದುಕೊಳ್ಳಿ. ಎರಡೇ ನಿಮಿಷದಲ್ಲಿ ಪ್ಲೇಟಿನ ನೀರು ಆರುತ್ತದೆ. ಹೊತ್ತು ಹಿಡಿಯುವ ಹಾಗಿದ್ದರೆ ಕೂಡಲೇ ಗಮ್ ಸವರಬೇಕು. ಬೆತ್ತಲೆ ಅಲ್ಯೂಮಿನಿಯಂ ಗಾಳಿಗೆ ಬಿದ್ದರೆ ಆಕ್ಸಿಡೈಸ್ ಆಗಿ ಅಲ್ಲಿ ಸಣ್ಣ ಚುಕ್ಕೆಗಳಲ್ಲಿ ಇಂಕು ಹಿಡಿಯತೊಡಗುತ್ತದೆ, ಆ ಪ್ಲೇಟು ಆಮೇಲೆ ಎಷ್ಟು ಒರೆಸಿದರೂ ಮೊದಲಿನಂತಾಗುವುದಿಲ್ಲ. ಊಟಕ್ಕೆ ಎದ್ದಾಗಲೂ ಇದೇ ನಿಯಮ. ಕರೆಂಟು ಬಂದು ಯಂತ್ರ ಹೊರಟ ಮೇಲೆ ಮೊದಲ ಹತ್ತಿಪ್ಪತ್ತು ಹಾಳೆ ಗಾಢವಾಗಿ ಬರುತ್ತವೆ, ಆಮೇಲೆ ನೀರು ಏರಿ ತಿಳಿಯಾಗುತ್ತವೆ, ಆಮೇಲೆ ಹದಕ್ಕೆ ಬರುತ್ತವೆ. ಆ ಹಾಳೆಗಳನ್ನು ತೆಗೆದು ಪಕ್ಕಕ್ಕೆ ಹಾಕಬೇಕು. ಆದರೆ ಕಾಗದ ಎಣಿಸಿ ಕೊಟ್ಟಿರುತ್ತಾರೆ. ಸಾವಿರ ಪ್ರತಿಯ ಕೆಲಸಕ್ಕೆ ಫಾರಂ ಒಂದಕ್ಕೆ ಮೂವತ್ತು-ನಲವತ್ತು ಹಾಳೆ ವೇಸ್ಟೇಜ್ ಕೊಟ್ಟರೆ ಹೆಚ್ಚು. ಮೇಕ್‌ರೆಡಿಯಲ್ಲೇ, ಅಂದರೆ ಪ್ಲೇಟು ಏರಿಸಿ ಹದಕ್ಕೆ ತರುವಷ್ಟರಲ್ಲೇ, ಅದು ಮುಗಿದಿರುತ್ತದೆ. ಹಾಗಾಗಿ ಅವು ಕಟ್ಟಿನೊಳಗೇ ಉಳಿಯುತ್ತವೆ. ಒಂದೇ ಪುಸ್ತಕದ ಎರಡು ಪ್ರತಿ ಪಕ್ಕದಲ್ಲಿಟ್ಟಾಗ ಒಂದರಲ್ಲಿ 81ನೇ ಪುಟ ಬೂದು, ಇನ್ನೊಂದರಲ್ಲಿ ಅದೇ ಪುಟ ಕಪ್ಪು ಎಂದಾದರೆ ಆ ಫಾರಂ ಓಡುವಾಗ ಯಂತ್ರ ಎಲ್ಲೋ ನಿಂತಿತ್ತು ಎಂದು ಹೇಳಿಬಿಡಬಹುದು.

ಬೇರೆ ದೋಷಗಳೂ ಹೀಗೇ ಗುರುತು ಬಿಟ್ಟಿರುತ್ತವೆ. ಎಲ್ಲ ಪ್ರತಿಗಳಲ್ಲೂ ಒಂದು ಪುಟದ ಒಂದೇ ಜಾಗ, ನಾಲ್ಕು ಬೆರಳಗಲ, ತಿಳಿಯಾಗಿದ್ದರೆ ಅದು ಬ್ಲಾಂಕೆಟ್ಟಿನ ತಗ್ಗು. ಎಂದೋ ಮಡಿಚಿದ ಹಾಳೆಯೋ ಜೋಡಿ ಹಾಳೆಯೋ ಒಳಗೆ ಹೋಗಿ ರಬ್ಬರನ್ನು ಅಮುಕಿರುತ್ತದೆ. ಬ್ಲಾಂಕೆಟ್ಟಿನ ದಪ್ಪ ಸುಮಾರು 1.95 ಮಿಲಿಮೀಟರ್, ಪ್ಲೇಟಿಗೂ ಅದಕ್ಕೂ ನಡುವಿನ ಒತ್ತು ಸುಮಾರು 0.1 ಮಿಲಿಮೀಟರ್, ಅದರಲ್ಲಿ ಅರ್ಧ ತಗ್ಗಿದರೂ ಅಕ್ಷರ ಸೊರಗುತ್ತದೆ. ಬ್ಲಾಂಕೆಟ್ ಬದಲಿಸುವ ಬದಲು ತಗ್ಗಿನ ಕೆಳಗೆ ಟಿಶ್ಯೂ ಕಾಗದ ಅಂಟಿಸಿ ಎತ್ತುವುದು ರೂಢಿ. ಕೆಲವರು ತಿಳಿ ಅಕ್ಷರಕ್ಕೆಲ್ಲ ಬ್ಲಾಂಕೆಟ್ಟಿನ ಕೆಳಗಿನ ಈ ಪ್ಯಾಕಿಂಗ್ ಹೆಚ್ಚಿಸುವುದೇ ಮದ್ದು ಎಂದುಕೊಂಡಿದ್ದಾರೆ. ಪ್ಯಾಕಿಂಗ್ ಅತಿಯಾದರೆ ಅಕ್ಷರದ ಅಂಚು ಉಜ್ಜಿದಂತಾಗಿ ದಪ್ಪವಾಗುತ್ತದೆ, ಪ್ಲೇಟು ಬೇಗ ಸವೆಯುತ್ತದೆ.

ಥಕಾರದ ಹೊಟ್ಟೆ

ಇಂಗ್ಲಿಷ್ ಅಕ್ಷರಕ್ಕೆ ಈ ಏರುಪೇರು ಅಷ್ಟು ತಟ್ಟುವುದಿಲ್ಲ, ಕನ್ನಡಕ್ಕೆ ತಟ್ಟುತ್ತದೆ. 11 ಪಾಯಿಂಟಿನ ಅಕ್ಷರಕ್ಕೆ ಒತ್ತಕ್ಷರ ಬಂದರೆ ಆ ಒತ್ತಕ್ಷರದ ಗಾತ್ರ ಮೂಲದ ಅರ್ಧದಷ್ಟು. ಥಕಾರದ ಹೊಟ್ಟೆಯೊಳಗಿನ ಚುಕ್ಕೆ, ಷಕಾರದ ಒಳಗೆರೆ, ದಕಾರವನ್ನು ಧಕಾರ ಮಾಡುವ ಕೆಳಗಿನ ಸೀಳು: ಒಂದೊಂದೂ ಕೂದಲೆಳೆಯಷ್ಟರ ಆಟ. ನೀರು ಹೆಚ್ಚಾದರೆ ಚುಕ್ಕೆ ಮಾಯವಾಗುತ್ತದೆ. ಇಂಕು ಹೆಚ್ಚಾದರೆ ಹೊಟ್ಟೆ ತುಂಬಿಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ ಓದುವವರು ಪದವನ್ನು ಊಹಿಸಿಕೊಂಡೇ ಓದಬೇಕು. ಮಕ್ಕಳ ಪುಸ್ತಕದಲ್ಲೂ ನಿಘಂಟಿನಲ್ಲೂ ಊಹೆ ನಡೆಯುವುದಿಲ್ಲ.

ಇದಕ್ಕೆ ಪ್ರೆಸ್ಸಿಗಿಂತ ಮುಂಚಿನ ಒಂದು ಕಾರಣವೂ ಇದೆ. ಕಂಪ್ಯೂಟರಿನಿಂದ ನೇರವಾಗಿ ಪ್ಲೇಟು ಮಾಡುವ ಸಿಟಿಪಿ ಬರುವ ಮುಂಚೆ ಒಳ್ಳೆಯ ಕೆಲಸಕ್ಕೆ ಫಿಲ್ಮ್ ತೆಗೆಸುತ್ತಿದ್ದರು. ಪುಸ್ತಕದ ಒಳಪುಟಕ್ಕೆ ಅಷ್ಟು ಖರ್ಚು ಯಾಕೆಂದು ಲೇಸರ್ ಪ್ರಿಂಟರಿನಲ್ಲಿ ಟ್ರೇಸಿಂಗ್ ಪೇಪರಿನ ಮೇಲೆ ತೆಗೆದು ಅದರಿಂದಲೇ ಪ್ಲೇಟು ಮಾಡುತ್ತಿದ್ದರು. ಸಣ್ಣ ಊರುಗಳಲ್ಲಿ ಈಗಲೂ ಉಂಟು. ಇಂಚಿಗೆ ಲೇಸರಿನ 600 ಚುಕ್ಕೆ ಎಲ್ಲಿ, ಫಿಲ್ಮ್ ತೆಗೆಯುವ ಇಮೇಜ್‌ಸೆಟ್ಟರಿನ 2400 ಎಲ್ಲಿ? ಅದಕ್ಕಿಂತ ಕೆಟ್ಟದ್ದೆಂದರೆ ಟೋನರು ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಪಾಸಿಟಿವ್ ಪ್ಲೇಟಿನಲ್ಲಿ ಬೆಳಕು ಬಿದ್ದಲ್ಲೆಲ್ಲ ಲೇಪ ಕರಗುತ್ತದೆ. ಎಕ್ಸ್‌ಪೋಷರ್ ಕಡಿಮೆ ಕೊಟ್ಟರೆ ಟ್ರೇಸಿಂಗಿನ ನಾರಿನ ನೆರಳು ಪ್ಲೇಟಿನಲ್ಲಿ ಉಳಿಯುತ್ತದೆ, ಜಾಸ್ತಿ ಕೊಟ್ಟರೆ ಅಕ್ಷರದ ತೆಳು ಗೆರೆಗಳನ್ನು ಬೆಳಕು ತಿಂದುಹಾಕುತ್ತದೆ. ಅಂಥ ಪ್ಲೇಟು ಏರಿಸಿದ ಮೇಲೆ ಮಷೀನ್‌ಮನ್ ಎಷ್ಟು ಬಲ್ಲವನಾದರೂ ಇಲ್ಲದ ಗೆರೆಯನ್ನು ತರಲಾರ. ಇಂಕು ಹೆಚ್ಚಿಸಿ ಮುಚ್ಚಲು ನೋಡುತ್ತಾನೆ, ಹೊಟ್ಟೆಗಳು ತುಂಬುತ್ತವೆ.

ಸಿಟಿಪಿ ಬಂದ ಮೇಲೆ ಪ್ಲೇಟು ಸುಧಾರಿಸಿದೆ, ಹೊಸ ಎಡವಟ್ಟುಗಳು ಸೇರಿವೆ. ವರ್ಡ್‌ನಲ್ಲಿ ಕೂರಿಸಿದ ಪುಟವನ್ನು ಹಾಗೇ ಪಿಡಿಎಫ್ ಮಾಡಿ ಕಳಿಸಿದರೆ ಅಕ್ಷರದ ಕಪ್ಪು ಎಷ್ಟೋ ಸಲ ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ, ಇರುತ್ತದೆ. ಅದನ್ನು ಒಂದೇ ಕಪ್ಪಿಗೆ ಇಳಿಸುವಾಗ ನೂರಕ್ಕೆ ನೂರು ಕಪ್ಪಾಗದೆ ತೊಂಬತ್ತರ ಆಸುಪಾಸಿನಲ್ಲಿ ನಿಂತರೆ ಅಕ್ಷರವೆಲ್ಲ ಚುಕ್ಕೆಚುಕ್ಕೆಯ ಜರಡಿ. ಭೂತಗನ್ನಡಿ ಹಿಡಿದರೆ ಅಂಚು ಗರಗಸದಂತೆ ಕಾಣುತ್ತದೆ. ಪ್ಲೇಟಿಗೆ ಕಳಿಸುವ ಮುಂಚೆ ಪಿಡಿಎಫ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ಅಕ್ಷರದ ಮೇಲೆ ಬಾಣ ಇಟ್ಟು ಕಪ್ಪು 100 ಎಂದೂ ಉಳಿದ ಮೂರು ಬಣ್ಣ ಸೊನ್ನೆ ಎಂದೂ ನೋಡಿಕೊಂಡರೆ ಸಾಕು.

ಕಾಗದ, ಮಳೆಗಾಲ

ಕಾಗದಕ್ಕೆ ಶೇಕಡಾ 50–55 ತೇವಾಂಶದ ಗಾಳಿ ಹಿತ. ಮಂಗಳೂರಿನ ಆಷಾಢದಲ್ಲಿ ಕಟ್ಟು ಬಿಚ್ಚಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಅಂಚುಗಳು ತೇವ ಎಳೆದುಕೊಂಡು ಅಲೆಯಲೆಯಾಗುತ್ತವೆ. ಏಪ್ರಿಲ್‌ನಲ್ಲಿ ರಾಯಚೂರಿನಲ್ಲಾದರೆ ಅಂಚು ಒಣಗಿ ಬಿಗಿದುಕೊಳ್ಳುತ್ತದೆ, ಹಾಳೆಗಳು ಒಂದಕ್ಕೊಂದು ಅಂಟಿ ಫೀಡರು ಎರಡೆರಡು ಎತ್ತುತ್ತದೆ. ಎರಡಕ್ಕೂ ಉಪಾಯ ಒಂದೇ: ಓಡಿಸುವ ಹೊತ್ತಿನವರೆಗೂ ಕಟ್ಟಿನ ಪ್ಯಾಕಿಂಗ್ ಬಿಚ್ಚಬಾರದು.

ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಡೆಮಿ 1/8ಕ್ಕೆ 23×36ರ ಹಾಳೆಯಲ್ಲಿ ನಾರು 36 ಇಂಚಿನ ಕಡೆಗೆ ಓಡಿರಬೇಕು. ಅಡ್ಡನಾರಿನ ಕಾಗದ ಅಗ್ಗಕ್ಕೆ ಸಿಕ್ಕಿತೆಂದು ಹಾಕಿದ ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಬೆನ್ನಿನ ಅಂಟಿನ ಬಳಿ ಪುಟ ಸುಕ್ಕುಗಟ್ಟುತ್ತದೆ. ಪರೀಕ್ಷೆ ಸುಲಭ. ಒಂದು ಚೂರು ಹರಿದು ನೋಡಿ. ನಾರಿನ ಉದ್ದಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕು.

ಸಾವಿರದಿಂದ ಮುನ್ನೂರಕ್ಕೆ

ಕನ್ನಡ ಪುಸ್ತಕದ ಮೂರನೇ ಪುಟದಲ್ಲೋ ನಾಲ್ಕನೇ ಪುಟದಲ್ಲೋ ‘ಪ್ರತಿಗಳು: 1000’ ಎಂದು ಕಾಣುತ್ತಿದ್ದ ಅಂಕಿಗೆ ಓದುಗರ ಎಣಿಕೆಗಿಂತ ಯಂತ್ರದ ಎಣಿಕೆಯೇ ಆಧಾರ. 23×36ರ ಒಂದು ಹಾಳೆಯನ್ನು ಎರಡು ಮಾಡಿದರೆ 18×23ರ ಎರಡು. 500 ಹಾಳೆಯ ಒಂದು ರೀಮು ಕತ್ತರಿಸಿದರೆ ಸಾವಿರ ಹಾಳೆ, ಅಂದರೆ ಒಂದು ಫಾರಂನ ಸಾವಿರ ಪ್ರತಿ. ಫಾರಂ ಎಷ್ಟೋ ರೀಮು ಅಷ್ಟು. 70 ಜಿಎಸ್‌ಎಂನಲ್ಲಿ ಆ ರೀಮಿನ ತೂಕ 18.7 ಕಿಲೋ. 160 ಪುಟದ ಪುಸ್ತಕಕ್ಕೆ ಹತ್ತು ರೀಮು, 187 ಕಿಲೋ, ಮೇಲೆ ವೇಸ್ಟೇಜ್. ಈ ಲೆಕ್ಕಕ್ಕೆ ಕಾಗದ-ಪೆನ್ಸಿಲ್ಲೂ ಬೇಡ.

ಪ್ಲೇಟು ಮಾತ್ರ ಪ್ರತಿಯ ಲೆಕ್ಕ ಕೇಳುವುದಿಲ್ಲ. ಆ ಹತ್ತು ಫಾರಂಗೆ ಇಪ್ಪತ್ತು ಪ್ಲೇಟು, ಇಪ್ಪತ್ತು ಸಲ ಮೇಕ್‌ರೆಡಿ. ಗಂಟೆಗೆ ಐದಾರು ಸಾವಿರ ಓಡುವ ಯಂತ್ರ ಸಾವಿರ ಹೊಡೆತ ಮುಗಿಸಲು ಹತ್ತು-ಹನ್ನೆರಡು ನಿಮಿಷ ಸಾಕು, ಪ್ಲೇಟು ಬದಲಿಸಿ ಹದಕ್ಕೆ ತರಲು ಕಾಲು ಗಂಟೆಗೂ ಮೇಲೆ. ಸಾವಿರ ಪ್ರತಿಯಲ್ಲೂ ಯಂತ್ರ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. 23×36ರ ಯಂತ್ರದಲ್ಲಿ ಹದಿನಾರೂ ಪುಟವನ್ನು ಒಂದೇ ಪ್ಲೇಟಿನಲ್ಲಿ ಕೂರಿಸಿ, ಹಾಳೆ ಮಗುಚಿ ಹೊಡೆದು, ನಡುವೆ ಕತ್ತರಿಸಿದರೆ ಪ್ಲೇಟು ಹತ್ತಕ್ಕೆ ಇಳಿಯುತ್ತದೆ. ಪ್ರಕಾಶಕರು ಪ್ರೆಸ್ಸು ಹುಡುಕುವಾಗ ದರಕ್ಕಿಂತ ಮೊದಲು ಯಂತ್ರದ ಅಳತೆ ಕೇಳಬೇಕೆನ್ನುವುದು ಇದಕ್ಕೇ.

ಈಗ ಮುನ್ನೂರು, ಐನೂರು ಪ್ರತಿಯ ಕೆಲಸ ಸಾಮಾನ್ಯವಾಗಿದೆ. ಮುನ್ನೂರು ಹಾಳೆ ಓಡಲು ಮೂರು-ನಾಲ್ಕು ನಿಮಿಷ. ಬಟ್ಟೆಯ ರೋಲರಿನ ಯಂತ್ರದಲ್ಲಿ ನೀರು ಒಂದು ಹದಕ್ಕೆ ಬಂದು ನೆಲೆನಿಲ್ಲಲು ನೂರರ ಮೇಲೆ ಹಾಳೆ ಬೇಕು. ಅಂದರೆ ಆ ಫಾರಂನ ಮೂರನೇ ಒಂದು ಪಾಲು ಯಂತ್ರ ಇನ್ನೂ ತಡಕಾಡುತ್ತಿರುವಾಗಲೇ ಅಚ್ಚಾಗಿರುತ್ತದೆ. ಕಡಿಮೆ ಪ್ರತಿ ಅಚ್ಚುಹಾಕಿಸಿದರೆ ಕೆಲಸ ಅಚ್ಚುಕಟ್ಟಾಗುತ್ತದೆ ಎಂದುಕೊಂಡವರಿಗೆ ಆಶ್ಚರ್ಯವಾಗಬಹುದು. ಆಫ್‌ಸೆಟ್‌ನಲ್ಲಿ ಪ್ರತಿ ಕಡಿಮೆಯಾದಷ್ಟೂ ಏರುಪೇರು ಹೆಚ್ಚು. ಹಟಕ್ಕೆ ಬಿದ್ದು ಆಫ್‌ಸೆಟ್‌ನಲ್ಲೇ ಮಾಡಿಸುವುದಾದರೆ ಎರಡು ಮಾತು ಮೊದಲೇ ಆಡಿಕೊಳ್ಳಬೇಕು. ಫಾರಂಗೆ ನೂರು ಹಾಳೆ ವೇಸ್ಟೇಜ್ ಕೊಡುತ್ತೇವೆ, ಕಟ್ಟಿನೊಳಗೆ ಸೇರಿಸಬೇಡಿ ಎನ್ನುವುದು ಒಂದು. ಒಪ್ಪಿಗೆಯಾದ ಮೊದಲ ಫಾರಂನ ಒಣಗಿದ ಹಾಳೆಯನ್ನು ಯಂತ್ರದ ಪಕ್ಕ ತೂಗುಹಾಕಿ, ಉಳಿದ ಎಲ್ಲ ಫಾರಂಗಳನ್ನೂ ಅದರ ಕಪ್ಪಿಗೇ ಹೊಂದಿಸಿ ಎನ್ನುವುದು ಇನ್ನೊಂದು. ಒಣಗಿದ ಹಾಳೆಯೇ ಆಗಬೇಕು. ಹಸಿ ಇಂಕು ಗಾಢವಾಗಿ ಕಾಣುತ್ತದೆ, ಮ್ಯಾಪ್‌ಲಿಥೋ ಅದನ್ನು ಕುಡಿದ ಮೇಲೆ ಒಂದು ಛಾಯೆ ಇಳಿಯುತ್ತದೆ. ಹಾಗಾಗಿ ಹಸಿ ಹಾಳೆ ಅದರ ಪಕ್ಕ ತುಸು ಗಾಢವಾಗಿ ಕಂಡರೇ ಸರಿ. ಕಪ್ಪಿನ ಗಾಢತೆ ಅಳೆಯುವ ಡೆನ್ಸಿಟೋಮೀಟರ್ ಇರುವ ಪ್ರೆಸ್ಸಿನಲ್ಲಿ ಅದನ್ನು ಮುಖಪುಟಕ್ಕಷ್ಟೇ ಹಿಡಿಯುತ್ತಾರೆ. ಒಳಪುಟಕ್ಕೂ ಹಿಡಿಯಿರಿ, ಫಾರಂಗೆ ಮೂರು ಕಡೆ ಸಾಕು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅದಕ್ಕಾಗಿ ಹಾಳೆಯ ಅಂಚಿನಲ್ಲಿ, ಕತ್ತರಿಸಿ ಹೋಗುವ ಜಾಗದಲ್ಲಿ, ಅರ್ಧ ಸೆಂಟಿಮೀಟರಿನ ಕಪ್ಪು ಚೌಕಗಳನ್ನು ಮೊದಲೇ ಇಟ್ಟಿರಬೇಕು.

ಇಲ್ಲವಾದರೆ ಒಳಪುಟ ಡಿಜಿಟಲ್‌ಗೆ ಹೋಗಲಿ. ಟೋನರಿನ ಯಂತ್ರದಲ್ಲಿ ನೀರಿಲ್ಲ, 16ಕ್ಕೂ 17ಕ್ಕೂ ಭೇದವಿಲ್ಲ. ಕಪ್ಪು ತುಸು ಹೊಳೆಯುತ್ತದೆ, ಅಷ್ಟೇ. ಬಹಳ ಪ್ರಕಾಶಕರು ಈಗ ಮುಖಪುಟವನ್ನು ಒಂದೇ ಸಲ ಸಾವಿರ ಆಫ್‌ಸೆಟ್‌ನಲ್ಲಿ ಹೊಡೆಸಿಟ್ಟು, ಒಳಪುಟವನ್ನು ಬೇಕಾದಾಗ ಇನ್ನೂರು ಮುನ್ನೂರರಂತೆ ಡಿಜಿಟಲ್‌ನಲ್ಲಿ ತೆಗೆಸುತ್ತಾರೆ. ಇದರಲ್ಲಿ ಎಡವುವುದು ಬೆನ್ನಿನ ದಪ್ಪದಲ್ಲಿ. 160 ಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೋದಲ್ಲಿ ಬೆನ್ನು ಸುಮಾರು 7 ಮಿಲಿಮೀಟರ್. ಡಿಜಿಟಲ್‌ನವರು ತಮ್ಮಲ್ಲಿರುವ 80 ಜಿಎಸ್‌ಎಂ ಹಾಕಿದರೆ 8 ದಾಟುತ್ತದೆ. ಮುಖಪುಟ ಮೊದಲೇ 7ಕ್ಕೆ ಅಚ್ಚಾಗಿ ಕೂತಿರುತ್ತದೆ. ಕಾಗದದ ಎಂಬತ್ತು ಎಲೆಯ ಡಮ್ಮಿ ಕಟ್ಟಿ ಅಳೆಯದೆ ಮುಖಪುಟದ ಪ್ಲೇಟು ಮಾಡಿಸಬೇಡಿ.